ಹೆಗಲ ಮೇಲೆ ಮೂರು ಮಹಡಿ

ನನ್ನ ಗಂಡನನ್ನು ಈ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸೈರನ್ ಅನ್ನುತ್ತಾರೆ. ಅಗ್ನಿಶಾಮಕ ದಳದಲ್ಲಿ ಜೀವಮಾನವೆಲ್ಲ ದುಡಿದವರು. ನಿವೃತ್ತಿಯಾದ ಮೇಲೂ ಬೆಳಕು ಹರಿಯುವ ಹೊತ್ತಿಗೆ ತಾರಸಿಗೆ ಹೋಗಿ, ಮೀಸೆ ಚಿಗುರುವ ಕಾಲಕ್ಕೆ ಠಾಣೆಯಲ್ಲಿ ಕಲಿತ ಕವಾಯತನ್ನೇ ಗಟ್ಟಿಯಾಗಿ ಎಣಿಸುತ್ತಾ ಮಾಡುತ್ತಿದ್ದರು. ಬಸ್ಕಿ, ಜಿಗಿತ, ಮರಳಿನ ಚೀಲ ಹೊತ್ತು ಓಟ. ಆ ದನಿಗೆ ಕೆಳಗಿನ ಮನೆಗಳ ಕೂಸುಗಳು ಎದ್ದು ರಾಗ ತೆಗೆಯುತ್ತಿದ್ದವು. ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿಮೆ ಮಾಡಿ ಎಂದರೆ, ಬೆಂಕಿ ಯಾರ ವಯಸ್ಸನ್ನೂ ಕೇಳುವುದಿಲ್ಲ ಎನ್ನುತ್ತಿದ್ದರು. ಬೆಂಕಿ ಇವರನ್ನು ಮರೆತು ಎಷ್ಟೋ ಕಾಲವಾಗಿತ್ತು, ಇವರು ಮಾತ್ರ ಬೆಂಕಿಯನ್ನು ಮರೆತಿರಲಿಲ್ಲ.

ನಾನು? ನಾನು ಟವೆಲ್ ಹಿಡಿದು ಕಾಯುತ್ತಿದ್ದೆ. ಉಳಿದ ಹೊತ್ತೆಲ್ಲ ಹೊಲಿಗೆ ಯಂತ್ರದ ಮುಂದೆ. ಕಿಟಕಿಯ ಪರದೆ ಹೊಲಿಯುವುದು ನನ್ನ ಕಸುಬು. ಕೂತರೆ ಊಟಕ್ಕೇ ಏಳುವುದು. ಮನೆಯಲ್ಲಿ ಒಬ್ಬರು ಗುಂಡುಕಲ್ಲಿನ ಹಾಗಿದ್ದರೆ ಇನ್ನೊಬ್ಬರ ಆರೋಗ್ಯವನ್ನೂ ಅವರೇ ನೋಡಿಕೊಂಡ ಹಾಗೆ ಅಂತ ನಾವಿಬ್ಬರೂ ನಂಬಿದ್ದೆವು.

ಮದುವೆಯಾಗಿ ಈ ಮೂರನೇ ಮಹಡಿಯ ಮನೆಗೆ ಬಂದ ದಿನ ಇವರು ನನ್ನನ್ನು ಹೊತ್ತುಕೊಂಡೇ ಹತ್ತಿದ್ದರು. ಸಿನಿಮಾದಲ್ಲಿ ಎತ್ತಿಕೊಳ್ಳುವ ಹಾಗಲ್ಲ, ಹೊಗೆಯಲ್ಲಿ ಬಿದ್ದವರನ್ನು ಹೊರುವ ಹಾಗೆ. ಹೊಟ್ಟೆ ಅವರ ಹೆಗಲ ಮೇಲೆ, ತಲೆ ಬೆನ್ನಿನ ಕಡೆಗೆ ಜೋತಾಡುತ್ತಾ. ಆಮೇಲೆ ಪ್ರತಿವರ್ಷ ಮದುವೆಯ ದಿನ ಸಂಜೆ ಅದೇ ಮೆರವಣಿಗೆ. ನಾನಿನ್ನೂ ಗಟ್ಟಿಯಾಗಿದ್ದೇನೆ ಅನ್ನುವುದಕ್ಕೆ ಅದೇ ಅವರ ಪರೀಕ್ಷೆ. ಎರಡನೇ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕ ಇದ್ದಾನೆ. ಈಚಿನ ವರ್ಷಗಳಲ್ಲಿ ಅವನ ಬಾಗಿಲಲ್ಲಿ ನಿಂತು, ನಾನು ನೇತಾಡುತ್ತಿರುವಾಗಲೇ, ಗಡಿಯಾರಗಳ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರು. ನೆತ್ತಿಗೆ ರಕ್ತ ಇಳಿದು ನಾನು ಬೆನ್ನಿಗೆ ಚಿವುಟಿದರೂ ಮಾತು ಮುಗಿಯುತ್ತಿರಲಿಲ್ಲ. ಜಂಭ, ಬೇರೇನಲ್ಲ ಅಂದುಕೊಳ್ಳುತ್ತಿದ್ದೆ.

ಹೋದ ವರ್ಷವೂ ಹೊತ್ತರು. ಭಾರ ಹೆಗಲಿಗೆ ಸರಿಯಾಗಿ ಕೂರಲೆಂದು ಒಮ್ಮೆ ಮೇಲಕ್ಕೆ ಎಗರಿಸಿಕೊಳ್ಳುವುದು ಅವರ ಕಸುಬಿನ ರೂಢಿ. ಹಾಗೇ ಎಗರಿಸಿಕೊಂಡರು. ನನ್ನೊಳಗೆ ಒಣಕಡ್ಡಿ ಲಟಕ್ಕೆಂದು ಮುರಿದ ಸದ್ದಾಯಿತು. ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಕೂಗೋಣವೆಂದರೆ ಉಸಿರೇ ಇಲ್ಲ. ಮೊದಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಎಂಥೆಂಥ ಬೆಂಕಿಗೆ ನುಗ್ಗಿದ ಮನುಷ್ಯ ಗರಬಡಿದವರ ಹಾಗೆ ನಿಂತುಬಿಟ್ಟರು.

ಮಗಳು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪಕ್ಕೆಲುಬು ಮುರಿದಿತ್ತು. ಅದಕ್ಕೆ ನಾನು ಸಿದ್ಧಳಿದ್ದೆ. ಡಾಕ್ಟರು ಆಮೇಲೆ ಹೇಳಿದ್ದಕ್ಕೆ ಸಿದ್ಧಳಿರಲಿಲ್ಲ. ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿಯಬಾರದಂತೆ. ನನ್ನ ಮೂಳೆಗಳೆಲ್ಲ ಒಳಗೊಳಗೇ ಸವೆದು ಟೊಳ್ಳಾಗಿದ್ದವಂತೆ. ಮುಂದಿನ ಸಲ ಸೊಂಟ ಮುರಿದರೆ ಮತ್ತೆ ಎದ್ದು ನಡೆಯುವ ಭರವಸೆ ಕೊಡಲಾರೆ ಎಂದರು. ನಾನು ಒಂದು ದಿನವೂ ಹಾಸಿಗೆ ಹಿಡಿದವಳಲ್ಲ. ಎಲ್ಲಿಯೂ ನೋವಿರಲಿಲ್ಲ. ಹಾಗಿದ್ದೂ ನನ್ನ ಮೈಯೇ ನನಗೆ ಹೇಳದೆ ಕೇಳದೆ ಖಾಲಿಯಾಗಿತ್ತು.

ಇವರು, ‘ನಾನು ದಿನಾ ವ್ಯಾಯಾಮ ಮಾಡ್ತೀನಲ್ಲ ಡಾಕ್ಟ್ರೇ’ ಅಂದರು. ಯಾಕೆ ಹಾಗಂದರೋ ಅವರಿಗೇ ಗೊತ್ತಿಲ್ಲ. ಡಾಕ್ಟರು ಔಷಧದ ಚೀಟಿ ಬರೆಯತೊಡಗಿದರು. ಮಗಳು ಅವರ ಕಡೆ ತಿರುಗಿದಳು.

‘ಮನೇಲಿ ಇರೋದು ಇಬ್ಬರು. ವ್ಯಾಯಾಮ ಮಾಡಿದ್ದು ಒಬ್ಬರೇ ಅಲ್ವೇನಪ್ಪಾ?’

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಆ ಕತ್ತಲು ನಾನೇ ಆಗಿದ್ದೆ.

ಪಕ್ಕೆ ಕೂಡಿಕೊಂಡ ಮೇಲೆ ವ್ಯಾಯಾಮ ಹೇಳಿಕೊಡುವುದಕ್ಕೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಬಂದಳು. ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಯನ್ನು ತಳ್ಳುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮೊದಲ ದಿನ ಕುರ್ಚಿಯಿಂದ ಏಳಲು ಹೋದೆ. ಸೊಂಟವೇ ಮೇಲೇಳಲಿಲ್ಲ. ಊಟಕ್ಕೆ ಏಳುವಾಗಲೆಲ್ಲ ಮೇಜು ಒತ್ತಿಯೇ ಏಳುತ್ತಿದ್ದೆನೆಂದು ಆವತ್ತೇ ನನಗೆ ತಿಳಿದದ್ದು. ನಾಚಿಕೆಗೆ ಕಣ್ಣಲ್ಲಿ ನೀರು ಬಂತು. ಆ ಹುಡುಗಿ ಇವರನ್ನೂ ಬಿಡಲಿಲ್ಲ. ಈ ವಯಸ್ಸಿಗೆ ಜಿಗಿತ ಸಾಕು, ನಿಧಾನ ಮಾಡಿ, ನೀವೂ ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಯಿರಿ ಎಂದಳು. ಇದೂ ಒಂದು ವ್ಯಾಯಾಮವೇ? ಕೊಕ್ಕರೆ ಕೆಲಸ ಎಂದು ಇವರು ನಕ್ಕರು.

ನಕ್ಕರೂ, ಮರುದಿನದಿಂದ ತಾರಸಿಗೆ ಹೋಗಲಿಲ್ಲ. ಮರಳಿನ ಚೀಲ ಕೆಳಗೆ ತಂದು ಬಿಚ್ಚಿದರು. ಪರದೆಯ ತುಂಡು ಬಟ್ಟೆಯಲ್ಲಿ ನನ್ನ ಕೈಯಿಂದಲೇ ಅಂಗೈಯಗಲದ ಎರಡು ಚೀಲ ಹೊಲಿಸಿ, ಅದೇ ಮರಳು ತುಂಬಿ, ಇದು ನಿನ್ನದು, ಎತ್ತು ಅಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಹಾಲು ಉಕ್ಕುತ್ತಿದ್ದರೂ ಸರಿ, ಕಟ್ಟೆ ಹಿಡಿದು ಹಿಮ್ಮಡಿ ಎತ್ತಬೇಕು. ‘ಕಾಲು ನೋಡ್ಬೇಡ, ಮುಂದೆ ನೋಡು’ ಎಂದು ಠಾಣೆಯ ದನಿ. ನಾನೇನು ನಿಮ್ಮ ದಳಕ್ಕೆ ಹೊಸದಾಗಿ ಸೇರಿದವಳಾ ಎಂದು ಬಾಯಿಗೆ ಬಂದಂತೆ ಬೈದೆ. ಬೈದುಕೊಂಡೇ ಮಾಡಿದೆ. ಅವರೂ ಜೊತೆಗೆ ನಿಲ್ಲುತ್ತಿದ್ದರು. ನಾನು ಕಟ್ಟೆ ಬಿಟ್ಟು ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿತ ಮೇಲೂ ಅವರ ಕೈ ಕಟ್ಟೆ ಬಿಡುತ್ತಿರಲಿಲ್ಲ. ನಿನಗೆ ಜೊತೆ ಇರಲಿ ಅಂತ ಎನ್ನುತ್ತಿದ್ದರು. ನಾನು ನಂಬಿದೆ.

ಮೆಟ್ಟಿಲು ಹತ್ತುವಾಗ ನಾನು ಕುಳಿತು ಸುಧಾರಿಸಿಕೊಳ್ಳಲೆಂದು ಮಗಳು ಮೊದಲ ಮಹಡಿಯಲ್ಲಿ ಒಂದು ಸ್ಟೂಲ್ ಇಟ್ಟಿದ್ದಳು. ವರ್ಷವಿಡೀ ಅದರ ಮೇಲೆ ಕೂತೇ ಹತ್ತಿದೆ. ನಾನು ಕೂತಷ್ಟು ಹೊತ್ತೂ ಇವರು ಪಕ್ಕದಲ್ಲಿ ನಿಂತಿರುತ್ತಿದ್ದರು.

ಈ ವರ್ಷ ಮದುವೆಯ ದಿನ ಬಂತು. ಸಂಜೆ ಅಂಗಡಿಯಿಂದ ಬರುವಾಗ ಕೆಳಗಿನ ಮೆಟ್ಟಿಲಲ್ಲಿ ಇವರು ನನ್ನನ್ನೇ ನೋಡಿದರು. ಹೊರುವ ಮಾತು ಎತ್ತಲಿಲ್ಲ, ಮುಖ ಮಾತ್ರ ಬಾಡಿತ್ತು. ಇವತ್ತು ಎಲ್ಲೂ ಕೂರದೆ ನಾನೇ ಹತ್ತುತ್ತೇನೆ, ನೀವು ಹಿಂದೆ ಬನ್ನಿ ಎಂದೆ. ಒಂದು ಕೈ ಕಂಬಿಯ ಮೇಲಿಟ್ಟು ಹೊರಟೆ. ಸ್ಟೂಲ್ ದಾಟಿದೆ. ತೊಡೆ ಉರಿಯುತ್ತಿತ್ತು, ಆದರೆ ನನ್ನ ಮಾತು ಕೇಳುತ್ತಿತ್ತು. ನನಗೆ ಹೇಳಲಾರದಷ್ಟು ಖುಷಿ. ಎರಡನೇ ಮಹಡಿ ದಾಟಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನ ಹೆಜ್ಜೆ ಸದ್ದು ನಿಂತಿತು.

ತಿರುಗಿ ನೋಡಿದೆ. ಇವರು ಗಡಿಯಾರದವನ ಬಾಗಿಲ ಮುಂದೆ ನಿಂತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಇವತ್ತೂ ಹರಟೆಯೇ?

‘ಯಾರ ಹತ್ರ ಮಾತಾಡೋಕೆ ನಿಂತ್ರಿ? ಅವನು ಊರಲ್ಲೇ ಇಲ್ಲ, ಬೀಗ ಹಾಕಿದೆ.’

ಇವರ ಕೈ ಚೌಕಟ್ಟಿನ ಮೇಲಿತ್ತು, ಹಣೆಯೆಲ್ಲ ಬೆವರು. ತುಟಿಗಳಿಗೆ ಬಣ್ಣವೇ ಇರಲಿಲ್ಲ.

‘ಉಸಿರಿಗೆ ನಿಂತೆ ಕಣೆ’ ಅಂದರು. ‘ಯಾವಾಗ್ಲೂ ಅದಕ್ಕೇ ನಿಲ್ತಿದ್ದೆ.’

‘ನನ್ನನ್ನ ಹೊತ್ಕೊಂಡಾಗ್ಲೂ?’

‘ಆಗ್ಲೂ. ಎದೆ ಹಿಡ್ಕೊಳ್ತಿತ್ತು. ಹೇಳಿದ್ರೆ ನೀನು ಹೊರೋಕೆ ಬಿಡ್ತಿರ್ಲಿಲ್ಲ.’

ಆ ಬಾಗಿಲ ಮುಂದೆ ತಲೆಕೆಳಗಾಗಿ ನೇತಾಡುತ್ತಾ, ಜಂಭದವರು ಎಂದು ಮನಸ್ಸಲ್ಲೇ ಬೈಯುತ್ತಾ, ಅದೇ ಬೆನ್ನನ್ನು ಚಿವುಟಿದ್ದೆ. ಆ ಬೆನ್ನಿನೊಳಗೆ ಉಸಿರು ಸಿಗದೆ ಎದೆ ಒದ್ದಾಡುತ್ತಿತ್ತು. ಅವರು ಕುಸಿದಿದ್ದರೆ ಇಬ್ಬರೂ ಮೆಟ್ಟಿಲುದ್ದಕ್ಕೂ ಉರುಳಿ ಹೋಗುತ್ತಿದ್ದೆವು. ಬೈಯಬೇಕು ಅನ್ನಿಸಿತು. ಎಲ್ಲದಕ್ಕೂ ತಯಾರಿರುವ ನನ್ನ ಬಾಯಿಗೆ ಒಂದು ಬೈಗುಳವೂ ಸಿಗಲಿಲ್ಲ.

ಕೆಳಗಿಳಿದು ಬಂದು ಅವರನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಮಗಳಿಗೆ ಫೋನ್ ಮಾಡಿ ಈಗಲೇ ಕಾರು ತಾ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದೆ. ಉಸಿರು ಹಿಡಿತಕ್ಕೆ ಬಂದ ಮೇಲೆ, ನಾನೇ ಇಳಿಯುತ್ತೇನೆ, ಯಾರೂ ಹೊರಬೇಕಾಗಿಲ್ಲ ಎಂದು ಹಟ ಹಿಡಿದರು. ಎದ್ದು ನಿಂತಾಗ ತೂರಾಡಿದರು. ಹಿಡಿಯಲು ಅಲ್ಲಿ ಅಡುಗೆ ಕಟ್ಟೆ ಇರಲಿಲ್ಲ. ನಾನು ಒಂದು ಮೆಟ್ಟಿಲು ಕೆಳಗೆ ನಿಂತು ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಅವರ ಕೈ ತೆಗೆದು ನನ್ನ ಹೆಗಲ ಮೇಲೆ ಇಟ್ಟುಕೊಂಡೆ.

‘ಕಾಲು ನೋಡ್ಬೇಡಿ. ಮುಂದೆ ನೋಡಿ’ ಅಂದೆ.

ಸೈರನ್ ತುಟಿಪಿಟಿಕ್ಕೆನ್ನದೆ ಹೇಳಿದಂತೆ ಕೇಳಿದರು. ಮೆಟ್ಟಿಲಿಂದ ಮೆಟ್ಟಿಲಿಗೆ ಅವರ ಭಾರವೆಲ್ಲ ನನ್ನ ಹೆಗಲಿಗೆ ಬರುತ್ತಿತ್ತು. ನಾನು ಕಿವಿಗೊಟ್ಟೇ ಇಳಿದೆ. ನನ್ನೊಳಗೆ ಎಲ್ಲೂ ಸದ್ದಾಗಲಿಲ್ಲ.