ಗ್ರೀಸ್ ಹಚ್ಚದ ನಾಲ್ಕು ಬೋಲ್ಟು

ಟೈಟಾನಿಯಂ ಎಂಬ ಹೆಸರು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಎಂಬತ್ತರ ದಶಕದಲ್ಲಿ ಕೊಟ್ಟೂರಿನಲ್ಲಿ ನನ್ನ ಹೆಂಡತಿಯ ತಂದೆ ಲೇತ್ ಇಟ್ಟಿದ್ದರು. ಪಕ್ಕದಲ್ಲೇ ನಾನು ಕಾರು ರಿಪೇರಿ ಮಾಡುತ್ತಿದ್ದೆ. ಹರಪನಹಳ್ಳಿ ಕಡೆಯ ಟಾಕೀಸೊಂದರ ಮಾಲೀಕನಿಗೆ ತನ್ನ ಕಾರನ್ನು ಓಟದ ಕುದುರೆ ಮಾಡುವ ಹುಚ್ಚು. ಹಿಂದಿನ ಸೀಟು ಕೀಳಿಸಿದ, ಬಂಪರ್ ಬಿಚ್ಚಿಸಿದ. ಭಾರ ಇಳಿದಷ್ಟೂ ಓಟ ಹೆಚ್ಚಂತೆ. ತನ್ನ ಹೊಟ್ಟೆಯ ಭಾರ ಮಾತ್ರ ಅವನ ಲೆಕ್ಕದಲ್ಲಿರಲಿಲ್ಲ.

ಒಂದು ದಿನ ವಿಮಾನದ ಗುಜರಿಯದ್ದೆಂದು ಟೈಟಾನಿಯಂ ಸರಳೊಂದನ್ನು ತಂದ. ಅದರಲ್ಲಿ ಒಂದೇ ಚಕ್ರಕ್ಕಾಗುವ ನಾಲ್ಕು ಬೋಲ್ಟು ಹುಟ್ಟುತ್ತಿದ್ದವು. ಮಾವ ಸರಳಿನ ತುದಿಯನ್ನು ಸಾಣೆಗೆ ಹಿಡಿದರು. ಕಬ್ಬಿಣದ ಕಿಡಿ ಹಳದಿ, ಇದು ಬೆಳ್ಳಗೆ ಸಿಡಿಯಿತು. ಕಿಡಿ ನೋಡಿ ಲೋಹ ಹೇಳುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಬೋಲ್ಟು ಕಡೆದು, ಚಕ್ರದ ತೂತಿಗೆ ಹಾಕಿ ಕೈಯಲ್ಲೇ ತಿರುಗಿಸಿ ನೋಡಿದರು.

"ಒಣಾ ಬಿಗಿದ್ರ ಕಚ್ಚಿಕೊಂತೈತಿ, ಆಮ್ಯಾಗ ಬಿಡಂಗಿಲ್ಲ. ಗ್ರೀಸ್ ಹಚ್ಚಿ ಬಿಗೀಬೇಕ್ರಿ" ಎಂದರು.

ಮಾಲೀಕ ನಕ್ಕ. "ಬಂಡಿ ಕೀಲು ಬಡಿಯೋನಿಗೆ ವಿಮಾನದ ಲೋಹ ಏನ್ ಗೊತ್ತಲೇ?"

ಅಪ್ಪನ ವಯಸ್ಸಿನವರಿಗೆ 'ಲೇ' ಎಂದ, ಆ ಅಡ್ನಾಡಿ! ಮಾವ ತಲೆ ತಗ್ಗಿಸಿ ಲೇತಿಗೆ ಮರಳಿದರು. ನಾನು ಸ್ಪ್ಯಾನರ್ ಎತ್ತಿಕೊಂಡೆ. ಗ್ರೀಸ್ ಡಬ್ಬಿ ಕಾಲ ಬಳಿಯೇ ಇತ್ತು, ಮುಟ್ಟಲಿಲ್ಲ. ಮೈಯ ಸಿಟ್ಟನ್ನೆಲ್ಲ ಹಾಕಿ ನಾಲ್ಕನ್ನೂ ಒಣದಾಗಿಯೇ ಬಿಗಿದೆ. ನಡುದಾರಿಯಲ್ಲಿ ಪಂಕ್ಚರ್ ಆಗಲಿ, ಚಕ್ರ ಬಿಚ್ಚಲಾಗದೆ ಇವನು ಬಿಸಿಲಲ್ಲಿ ಒಣಗಲಿ ಎಂದುಕೊಂಡೆ.

ಉಚ್ಚಂಗಿದುರ್ಗದ ದಾರಿಯಲ್ಲಿ ಅದೇ ಚಕ್ರ ಪಂಕ್ಚರ್ ಆಯಿತು. ಆ ದಿನ ನಾನು ಕೂಡ್ಲಿಗಿಗೆ ಹೋಗಿದ್ದೆ. ಮಾಲೀಕ ಜೀಪು ಕಳಿಸಿ ಮಾವನನ್ನು ಕರೆಸಿಕೊಂಡ. ಸ್ಪ್ಯಾನರಿಗೆ ಬಗ್ಗದ ಬೋಲ್ಟುಗಳನ್ನು ಅವರು ಉಳಿಯಿಟ್ಟು ಒಡೆಯತೊಡಗಿದರು. ಮೂರನೆಯದರ ಚೂರು ಸಿಡಿದು ಬಲಗಣ್ಣು ಹೋಯಿತು. ಎಡಗಣ್ಣಿಗೆ ಮೊದಲೇ ಪೊರೆ ಬಂದಿತ್ತು.

ಮಾಲೀಕ ಒಮ್ಮೆಯೂ ನೋಡಲು ಬರಲಿಲ್ಲ. ಅವನ ಮೇಲಿನ ನನ್ನ ದ್ವೇಷ ಇಂದಿಗೂ ಗುಲಗಂಜಿಯಷ್ಟೂ ಇಳಿದಿಲ್ಲ. ಅದರಲ್ಲಿ ಅರ್ಧ ಪಾಲು ನನಗೇ ಸೇರಬೇಕಾದದ್ದು.

ಆಮೇಲೆ ಮಾವ ಲೋಹವನ್ನು ಸಾಣೆಗೆ ಹಿಡಿದು, "ಕಿಡಿ ಯಾವ ಬಣ್ಣ ಐತ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಸಾಣೆ ನಿಲ್ಲಿಸಿದರು.

"ಅವತ್ತು ಗ್ರೀಸ್ ಹಚ್ಚಿದ್ರಿ, ಹೌದಲ್ರಿ?"

"ಹಚ್ಚಿದ್ದೆ, ಮಾವ."

"ಹಂಗಾರ ನಾ ಹೇಳಿದ್ದೇ ತಪ್ಪು ಬಿಡ್ರಿ" ಎಂದು ಅವರು ಮತ್ತೆ ಸಾಣೆ ತಿರುಗಿಸಿದರು.