ಸತ್ತ ಗೌಡನಿಗೆ ಆರತಿ

ನನ್ನ ನಾಟಕದ ನಾಯಕ ಸಾಯಲು ಒಪ್ಪಿದ್ದ. ಒಪ್ಪದವರು ಅವನ ತಾಯಿ.

ಹಿನ್ನೆಲೆ ಹೇಳಬೇಕು. ಹಿಂದೊಮ್ಮೆ ಮಸ್ಕಿಯ ವಿಚಾರ ಸಂಕಿರಣದಲ್ಲಿ ಪ್ರಾಚೀನ ಗ್ರೀಕ್ ನಾಟಕಗಳ ಬಗ್ಗೆ ಪ್ರಬಂಧ ಓದಿದೆ. ಅಧ್ಯಕ್ಷತೆ ಲಿಂಗಸುಗೂರಿನ ಪ್ರಾಧ್ಯಾಪಕರೊಬ್ಬರದು. ಅವರು ಮುಗುಳ್ನಕ್ಕು ಹೇಳಿದರು: "ದುರಂತ ನಾಯಕ ನಮ್ಮ ಮಣ್ಣಾಗ ಹುಟ್ಟಂಗಿಲ್ರೀ ಮಾಸ್ತರ. ಎಲ್ಲಾ ಹಣೆಬರಕ್ಕ ಹಾಕಿ, ಉಂಡು ಮಕ್ಕೊಳ್ಳೋ ಮಂದಿ ನಾವು. ದೈವಕ್ಕ ನಡುಗೋದು ನಮಗೆಲ್ಲಿ ಗೊತ್ತೈತಿ?"

ಸಭೆ ನಕ್ಕಿತು. (ಯಾರ್ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ.) ನನ್ನೊಬ್ಬನನ್ನು ಬಿಟ್ಟು ವೇದಿಕೆಯ ಮೇಲಿದ್ದ ಎಲ್ಲರಿಗೂ ಹಾರ ಬಂತು, ಅದು ಬೇರೆ ವಿಷಯ.

ಉತ್ತರವಾಗಿ ಒಂದು ನಾಟಕ ಬರೆದೆ. ಊರ ಗೌಡನ ಮನೆತನ ಉಳಿಯುವುದಿಲ್ಲವೆಂದು ಗೊರವಯ್ಯ ಕಾರಣಿಕ ನುಡಿಯುತ್ತಾನೆ. ದೈವದ ಮಾತನ್ನೇ ಸುಳ್ಳಾಗಿಸುತ್ತೇನೆಂದು ಗೌಡ ಹೊರಡುತ್ತಾನೆ. ತಪ್ಪಿಸಲು ಅವನು ಮಾಡಿದ ಒಂದೊಂದು ಉಪಾಯವೂ ಆ ಮಾತನ್ನೇ ನಿಜವಾಗಿಸುತ್ತದೆ. ಗ್ರೀಕರ ರೀತಿಯೇ ಇದು. ಅವರ ನಾಯಕ ದುಷ್ಟನಲ್ಲ, ದೊಡ್ಡವನು. ದೈವದ ಅಳತೆ ತನಗೂ ಸಿಕ್ಕಿದೆ ಎಂದುಕೊಳ್ಳುತ್ತಾನೆ, ಅಷ್ಟೇ ತಪ್ಪು. ಕೊನೆಗೆ ಗೌಡನ ಶವ, ಮೇಲೆ ಪರದೆ. ಪ್ರೇಕ್ಷಕ ಭಯ, ಕರುಣೆಗಳನ್ನು ಹೊತ್ತು ಮನೆಗೆ ಹೋಗಬೇಕು.

ಗೊರೇಬಾಳದ ಹವ್ಯಾಸಿ ತಂಡ ಆಡಲು ಒಪ್ಪಿತು. ಗೌಡನ ಪಾತ್ರ ಪಂಪಣ್ಣನದು. ಭತ್ತದ ಗದ್ದೆಯಿಂದ ಬೈಕಿನಲ್ಲಿ ನೇರ ರಿಹರ್ಸಲ್‌ಗೆ ಬರುವ ಮನುಷ್ಯ, ಒಳ್ಳೆಯ ಕಂಠ.

ಆದರೆ ಆ ತಂಡಕ್ಕೊಂದು ಪದ್ಧತಿ. ರಂಗದ ಮೇಲೆ ಸತ್ತವನು ಜನರೆದುರೇ ಎದ್ದು ನಿಲ್ಲಬೇಕು. ಆರತಿ ಆಗಬೇಕು. ಆಮೇಲೆಯೇ ಬಣ್ಣ ತೊಳೆಯುವುದು. ನಾನು ಸುತರಾಂ ಒಪ್ಪಲಿಲ್ಲ. ಎದ್ದು ನಿಂತ ಶವದಿಂದ ಯಾರಿಗೆ ಭಯ? (ಭಯವಾದರೂ, ಅದು ನಾನು ಉದ್ದೇಶಿಸಿದ ಭಯವಲ್ಲ.)

ಮರುದಿನ ಪಂಪಣ್ಣನ ತಾಯಿ ಈರಮ್ಮನವರು ರಿಹರ್ಸಲ್‌ಗೇ ಬಂದರು.

"ಮಾಸ್ತರ್ರೀ, ನನ್ನ ಮಗ ಸತ್ತ ಅಂತ ಊರ ಮಂದಿ ಕಣ್ಣೀರು ಹಾಕ್ಕೊಂಡು ಮನಿಗೆ ಹೋದ್ರ, ಅವ ಹೆಂಗ ಬರ್ತಾನ್ರೀ ಮನಿಗೆ?"

"ಯವ್ವಾ, ನಾಟಕ ಐತಿ ಬೇ ಅದು!" ಪಂಪಣ್ಣ ನಾಚಿಕೊಂಡ.

"ನೀ ಸುಮ್ನಿರಲೇ. ನಾಟಕ ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ಮ್ಯಾಲಿದ್ದವಗ ಯಾರು ಹೇಳ್ಯಾರ?"

ನಾನು ತಾಳ್ಮೆಯಿಂದ ವಿವರಿಸಿದೆ. ಗ್ರೀಕರೂ ದೈವಕ್ಕೆ ಅಂಜಿದವರೇ. ಅವರು ನಾಟಕ ಆಡುತ್ತಿದ್ದದ್ದೇ ದೇವರ ಉತ್ಸವದಲ್ಲಿ. ಸಾವನ್ನು ಸಾಮಾನ್ಯವಾಗಿ ಜನರೆದುರು ತೋರಿಸುತ್ತಿರಲಿಲ್ಲ. ನಾಯಕ ಒಳಗೆ ಸಾಯುತ್ತಿದ್ದ, ದೂತ ಹೊರಬಂದು ಸುದ್ದಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ನನಗೇ ದಾರಿ ಹೊಳೆಯಿತು. ಗೌಡನೂ ಒಳಗೆ ಸಾಯಲಿ! ಶವವೇ ಕಾಣದಿದ್ದರೆ ಎಬ್ಬಿಸುವ ಮಾತೆಲ್ಲಿ?

"ಒಳಗ ಅಂದ್ರ ಎಲ್ಲಿರೀ?"

"ಪರದೆ ಹಿಂದ, ತಾಯಿ."

"ಆತು ತಗೋರಿ" ಎಂದರು ಈರಮ್ಮ.

ಇಷ್ಟು ಸಲೀಸಾಗಿ ಯಾರಾದರೂ ಒಪ್ಪುತ್ತಾರೆಯೇ?

ಪ್ರದರ್ಶನದ ಮಧ್ಯಾಹ್ನ ಪ್ರಾಧ್ಯಾಪಕರನ್ನು ಕರೆಸಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ಗೌಡ ಒಳಗೆ ಹೋದ. ಆಳಿನ ಪಾತ್ರಧಾರಿ ಓಡಿಬಂದ. ಜನ ಉಸಿರು ಬಿಗಿಹಿಡಿದಿದ್ದರು. "ನಮ್ಮ ಧಣಿ ಹೋಗಿಬಿಟ್ರೋ!" ಎಂದು ಅವನು ಕೂಗಿದ ಕ್ಷಣವೇ ಪರದೆಯ ಹಿಂದೆ ಗಂಟೆ ಮೊಳಗಿತು. ಕಾಯಿ ಒಡೆದ ಸದ್ದು. ಕರ್ಪೂರದ ವಾಸನೆ. ಇಡೀ ಸಭೆ ಕೈ ಮುಗಿಯಿತು. ಆಳೂ ಕೈ ಮುಗಿದ.

"ಸುಖಾಂತ ಆತಲ್ರೀ ಮಾಸ್ತರ!" ಪ್ರಾಧ್ಯಾಪಕರು ನನ್ನ ಬೆನ್ನು ತಟ್ಟಿ ಬಸ್ಸಿಗೆ ಹೊರಟರು. (ತಟ್ಟಿದ್ದು ಎಡಗೈಯಲ್ಲಿ.)

ಈರಮ್ಮನವರಿಗೆ ನಾಲ್ಕು ಮಾತು ಕಟುವಾಗಿಯೇ ಹೇಳಬೇಕೆಂದು ಪರದೆಯ ಹಿಂದೆ ಹೋದೆ. ಅವರ ಕೈಯಲ್ಲಿದ್ದ ಆರತಿ ತಟ್ಟೆ ಗಡಗಡ ಸದ್ದು ಮಾಡುತ್ತಿತ್ತು. ಇನ್ನೊಂದು ಕೈ ಮಗನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. "ಬಿಡು ಬೇ, ಜೀವಂತ ಅದೀನಿ" ಎಂದು ಅವನು ನಗುತ್ತಿದ್ದ. ಅವರು ನಗಲಿಲ್ಲ.

"ಇಂಥಾದ್ದು ಯಾಕ ಬರ್ದ್ರೀ ಮಾಸ್ತರ್ರೀ? ಆ ಆಳು ಒದರಿದಾಗ ನನ್ನ ಜೀವಾನೇ ಹೋಗಿತ್ತು."

ನಾಲ್ಕು ಮಾತು ಹೇಳಹೋದವನು ಅವರ ಕೈಯಿಂದ ತಟ್ಟೆ ಇಸಿದುಕೊಂಡು ಕೆಳಗಿಟ್ಟೆ. ಗೊರೇಬಾಳದಲ್ಲಿ ನನ್ನ ನಾಟಕವನ್ನು ಕೊನೆಯ ಅಕ್ಷರದವರೆಗೆ ನಂಬಿದವರು, ಅದನ್ನು ಕೆಡಿಸಿದ ಅವರೊಬ್ಬರೇ.

ಈಗ ಹೇಳಿ, ಪ್ರಾಧ್ಯಾಪಕರ ಕುರ್ಚಿಯನ್ನು ನಾನು ಪರದೆಯ ಯಾವ ಬದಿಗೆ ಹಾಕಿಸಬೇಕಿತ್ತು?