ಸಫಿಯತ್ ಹೆಣೆದ ಹಬ್ಬದ ಚಪ್ಪರ

ಉಳ್ಳಾಲದ ಸಫಿಯತ್ ಮಾಡಿಗೆ ತೆಂಗಿನ ಮಡಲು ಹೆಣೆಯಲು ಕೂತರೆ ಆ ಮಾಡಿನಿಂದ ಮಳೆಯ ಒಂದು ಹನಿಯೂ ಕೆಳಗಿಳಿಯದು. ಗಂಡ ಹಂಝನ ಜೊತೆ ಸೌದಿಯ ರಾಸ್ ತನೂರಾಕ್ಕೆ ಬಂದ ಮೇಲೆ ಅವಳ ಕೈಗೆ ಬಂದದ್ದು ಎಣ್ಣೆ ಕಂಪನಿಯ ಕಾಲೊನಿಯಲ್ಲಿದ್ದ ಅಮೆರಿಕದ ಹೆಲೆನ್ ಮೇಡಂ ಮನೆಯ ಪಾತ್ರೆ, ಬಟ್ಟೆ, ಮತ್ತೆ ಅವರ ಆರು ವರ್ಷದ ಮಗಳು ತಾಲಿಯಾ.

ಮೇಡಂ ಯಹೂದಿ ಎಂಬುದು ಅಲ್ಲಿ ಸಫಿಯತ್‌ಗೆ ಮಾತ್ರ ಗೊತ್ತು. ಶುಕ್ರವಾರ ಸಂಜೆ ಪರದೆ ಎಳೆದು ಹಚ್ಚಿದ ಎರಡು ಮೋಂಬತ್ತಿ ನೋಡಿ ಇದೇನೆಂದು ಅವಳು ಕೇಳಿದ್ದಳು. ಮೇಡಂ ಬಿಳಿಚಿಕೊಂಡು ನಿಜ ಹೇಳಿದ್ದರು; ಆ ದೇಶದಲ್ಲಿ ಬೇರೆ ಧರ್ಮದ ಆಚರಣೆಗೆ ಅಪ್ಪಣೆಯಿರಲಿಲ್ಲ. ಪ್ರಾರ್ಥನೆಯ ಪುಸ್ತಕ ತರುವ ಧೈರ್ಯವಾಗದೆ, ಹಬ್ಬಕ್ಕೊಂದು ಕವಿತೆ ತಾವೇ ಕಟ್ಟಿಕೊಳ್ಳುತ್ತಿದ್ದರು. ಹುಳಿ ಬರಿಸದ ರೊಟ್ಟಿಯ ಹಬ್ಬಕ್ಕೊಂದು, ಹೊಸ ವರ್ಷದ ಜೇನು-ಸೇಬಿಗೊಂದು, ಉಪವಾಸಕ್ಕೊಂದು.

ಈಗ ಚಪ್ಪರದ ಹಬ್ಬ, ಯಹೂದಿಗಳು ಗರಿಯ ಚಪ್ಪರದಡಿ ಕೂತು ಉಣ್ಣುವ ದಿನಗಳು. ಮಗಳು ಒಮ್ಮೆಯೂ ಚಪ್ಪರದಡಿ ಕೂತಿಲ್ಲವೆಂಬ ಕೊರಗು ಮೇಡಂಗೆ. ಹಂಝ ಹತ್ತಿರದ ಖತೀಫ್ ಊರಿನ ತೋಟದಿಂದ ಖರ್ಜೂರದ ಗರಿ ತಂದ. ಮುಳ್ಳು ಚುಚ್ಚಿಸಿಕೊಂಡೇ ಸಫಿಯತ್ ಹಿತ್ತಲಲ್ಲಿ ಒತ್ತಾಗಿ ಹೆಣೆದಳು.

"ಅಯ್ಯೋ, ಸಂದಿಯಲ್ಲಿ ನಕ್ಷತ್ರ ಕಾಣಬೇಕು ಸಫಿಯತ್!" ಎಂದರು ಮೇಡಂ.

"ಮಳೆ ಬಂದರೆ?"

"ಸೋರಲಿ."

"ಸೋರುವ ಮಾಡು ಕಟ್ಟಿದ್ದು ಕೇಳಿದರೆ ಅತ್ತೆ ನನ್ನನ್ನು ಮನೆಯೊಳಗೆ ಸೇರಿಸಲಿಕ್ಕಿಲ್ಲ!"

ಇಬ್ಬರೂ ನಕ್ಕರು. ಸಫಿಯತ್ ಅಲ್ಲಲ್ಲಿ ಗರಿ ಸಡಿಲಿಸಿದಳು. ಮೇಡಂ ಮೆಲ್ಲಗೆ ತಮ್ಮ ಸಾಲು ಹೇಳಿ ನೋಡಿಕೊಂಡರು: "ತೂತಿನ ಮಾಡೇ, ಕಾಯುವಷ್ಟು ಮುಚ್ಚು, ಕಾಣುವಷ್ಟು ಬಿಡು."

ಹೊತ್ತು ಇಳಿಯುವಾಗ ನಲ್ಲಿ ರಿಪೇರಿ ನೋಡಲು ಕಾಲೊನಿಯ ಸೂಪರ್‌ವೈಸರ್ ಶಂಸುದ್ದೀನ್ ಹಿತ್ತಲಿಗೇ ಬಂದ. ಭಟ್ಕಳದವನು, ಒಳ್ಳೆಯವನೇ.

"ಎಂತಕ್ಕಾ ಇದು?"

ಮೇಡಂ ಮುಖ ನೋಡಿ ಸಫಿಯತ್ ತಾನೇ ಮುಂದೆ ಬಂದಳು. "ನನ್ನದೇ ಭಾಯಿ. ಮೀನು ಒಣಗಿಸ್ಲಿಕ್ಕೆ."

"ಮೀನಾ! ಮಗುವಿನ ಆಟದ ಮನೆ ಅಂದ್ಕೊಂಡೆ ನಾನು. ಅದಾದ್ರೆ ಇರ್ಲಿ ಅಂತ ಬಿಡ್ತಿದ್ದೆ. ಇಲ್ಲಿ ಒಣಮೀನಿನ ವಾಸನೆ ಎದ್ರೆ ನನ್ನ ಕೆಲಸವೇ ಹೋಗ್ತದೆ ಮಾರಾಯ್ತಿ. ಯಲ್ಲಾ, ಬೇಗ ಬಿಚ್ಚು. ಬಿಚ್ಚಿದ ಮೇಲೇ ನಾನು ಹೋಗುವುದು."

ಆಟದ ಮನೆ! ಆ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಈಗ ಹೇಳಿದರೆ, ಮೊದಲು ಸುಳ್ಳು ಯಾಕೆ ಹೇಳಿದೆ ಎಂದು ಕೇಳುತ್ತಾನೆ. ಮೇಡಂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತಮ್ಮದೆಂದರೆ ಯಾತಕ್ಕೆಂದೂ ಹೇಳಬೇಕಾದೀತು.

ಸಫಿಯತ್ ಸ್ಟೂಲ್ ಹತ್ತಿದಳು. ತಾನು ಬಿಗಿದ ಗಂಟುಗಳೇ, ಬೇಗ ಬಿಚ್ಚಲೂ ಬಾರವು.

ತಾಲಿಯಾ ಬಂದು ಅವಳ ಸೆರಗು ಎಳೆದಳು. "ನಕ್ಷತ್ರ ಬರುವವರೆಗಾದರೂ ಬಿಡು."

ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಸಫಿಯತ್ ಶಂಸುದ್ದೀನನ ಕಡೆ ನೋಡಿದಳು. ಅವನು ಕೈಕಟ್ಟಿ ಕಾಯುತ್ತಿದ್ದ. ಅವಳು ಇನ್ನೊಂದು ಗರಿ ಎಳೆದಳು.